ಗಾಳಿಯನ್ನು ಅಳೆಯುವವರು ಹಕ್ಕಿಯನ್ನೂ ಎಣಿಸಲಿ

(ಬಳಗದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಗಾಳಿಯಂತ್ರಗಳು ಮತ್ತು ಹಕ್ಕಿಗಳು ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಬಳಗದ ಹಿರಿಯರು ಸೂಚಿಸಿದಾಗ ನನಗೆ ಸ್ವಲ್ಪ ಮುಜುಗರವಾದದ್ದು ನಿಜ. ಮಲೆನಾಡಿನ ಪರಿಸರ ಚಳವಳಿ ದಶಕಗಳ ಕಾಲ ದೊಡ್ಡ ಅಣೆಕಟ್ಟುಗಳನ್ನು ಪ್ರಶ್ನಿಸಿತು, ಕೈಗಾದ ಅಣುಸ್ಥಾವರವನ್ನು ವಿರೋಧಿಸಿತು, ಕಲ್ಲಿದ್ದಲಿನ ಹೊಗೆಯ ಬಗ್ಗೆ ಎಚ್ಚರಿಸಿತು. ಹಾಗಾದರೆ ವಿದ್ಯುತ್ತು ಎಲ್ಲಿಂದ ಬರಬೇಕು ಎಂದು ಕೇಳಿದವರಿಗೆ ಸೂರ್ಯನಿದ್ದಾನೆ, ಗಾಳಿಯಿದೆ ಎಂದು ನಾವೇ ಉತ್ತರಿಸಿದೆವು. ಈಗ ಆ ಗಾಳಿಯ ವಿದ್ಯುತ್ತು ಬಂದಿದೆ. 2025ರಲ್ಲಿ ಭಾರತದ ಪವನ ವಿದ್ಯುತ್ ಸಾಮರ್ಥ್ಯ 50 ಸಾವಿರ ಮೆಗಾವಾಟ್ ದಾಟಿತು. ಕರ್ನಾಟಕದ ಪಾಲೇ 7 ಸಾವಿರ ಮೆಗಾವಾಟ್‌ಗಿಂತ ಹೆಚ್ಚು. ಗದಗ, ಚಿತ್ರದುರ್ಗ, ವಿಜಯನಗರ, ಕೊಪ್ಪಳ, ದಾವಣಗೆರೆ ಜಿಲ್ಲೆಗಳಲ್ಲಿ ಪಯಣಿಸುವವರಿಗೆ ಬಿಳಿಯ ಕಂಬಗಳ ಸಾಲು ಇಂದು ಹೊಸ ನೋಟವೇನೂ ಅಲ್ಲ. ನಾವು ಬೇಡಿದ್ದೇ ಬಂದಿರುವಾಗ ಅದರ ಮೇಲೆ ಮತ್ತೆ ಆಕ್ಷೇಪ ಎತ್ತುವುದು ಸರಿಯೇ?

ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆಕ್ಷೇಪ ಯಾವುದರ ಮೇಲೆ ಎಂಬುದು ಸ್ಪಷ್ಟವಾಗಿರಬೇಕು. ಗಾಳಿಯಿಂದ ವಿದ್ಯುತ್ತು ತೆಗೆಯುವುದನ್ನು ನಾನು ವಿರೋಧಿಸುತ್ತಿಲ್ಲ. ಕಲ್ಲಿದ್ದಲಿನ ಗಣಿಯೂ ಅದರ ಹೊಗೆಯೂ ಅದರಿಂದ ಏರುವ ತಾಪವೂ ಹಕ್ಕಿಗಳಿಗೆ ಮಾಡುವ ಹಾನಿ ಸಣ್ಣದಲ್ಲ. ನನ್ನ ಪ್ರಶ್ನೆ ಯಂತ್ರ ನಿಲ್ಲುವ ಜಾಗವನ್ನು ಕುರಿತದ್ದು. ಒಂದು ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರ ನಿಲ್ಲಿಸುವ ಮೊದಲು ಅಳತೆಯ ಕಂಬ ನೆಟ್ಟು, ಒಂದು ವರ್ಷವೋ ಅದಕ್ಕಿಂತ ಹೆಚ್ಚು ಕಾಲವೋ ಗಾಳಿಯ ವೇಗವನ್ನೂ ದಿಕ್ಕನ್ನೂ ದಾಖಲಿಸುತ್ತಾರೆ. ಅದೇ ನೆತ್ತಿಯ ಮೇಲೆ ಯಾವ ಹಕ್ಕಿ, ಯಾವ ಋತುವಿನಲ್ಲಿ, ಎಷ್ಟು ಎತ್ತರದಲ್ಲಿ ಹಾರುತ್ತದೆ ಎಂಬುದನ್ನು ಒಂದು ದಿನವಾದರೂ ಎಣಿಸಬೇಕೆಂಬ ಕಡ್ಡಾಯವು ಖಾಸಗಿ ಅಥವಾ ಕಂದಾಯ ಭೂಮಿಯಲ್ಲಿ ಬರುವ ಯೋಜನೆಗೆ ನಮ್ಮ ಪರಿಸರ ಕಾನೂನಿನಲ್ಲಿ ಇಲ್ಲ. ಇದು ಸರಿಯಾಗಬೇಕು ಎಂಬುದೇ ಇಂದಿನ ನನ್ನ ಮಾತಿನ ಸಾರ.

ಗಾಳಿಗೂ ಹಕ್ಕಿಗೂ ಒಂದೇ ದಾರಿ

ಗಾಳಿಯಂತ್ರಕ್ಕೂ ಹಕ್ಕಿಗೂ ಸಂಘರ್ಷವೇಕೆ? ಇಷ್ಟು ವಿಶಾಲವಾದ ಆಕಾಶದಲ್ಲಿ ಹಕ್ಕಿ ಬೇರೆ ಕಡೆ ಹಾರಬಾರದೇ ಎಂದು ಕೇಳುವವರಿದ್ದಾರೆ. ಹಕ್ಕಿಗೆ ಆಕಾಶವೆಲ್ಲ ಒಂದೇ ಅಲ್ಲ. ಹದ್ದು, ಗಿಡುಗ, ರಣಹದ್ದುಗಳಂತಹ ದೊಡ್ಡ ರೆಕ್ಕೆಯ ಹಕ್ಕಿಗಳು ದಿನವಿಡೀ ರೆಕ್ಕೆ ಬಡಿಯುತ್ತ ಹಾರಲಾರವು. ಅದಕ್ಕೆ ಬೇಕಾಗುವ ಶಕ್ತಿ ಅಪಾರ. ಅವು ಗಾಳಿಯ ಮೇಲೆ ತೇಲುತ್ತವೆ. ಬೀಸುವ ಗಾಳಿ ಗುಡ್ಡದ ಇಳಿಜಾರಿಗೆ ತಾಗಿದಾಗ ಮೇಲಕ್ಕೆ ಏರುತ್ತದೆ. ಬಿಸಿಲೇರಿದ ಮೇಲೆ ಕಾದ ಬಂಡೆಯಿಂದ ಬಿಸಿಗಾಳಿ ಸುಳಿಯಾಗಿ ಮೇಲೇಳುತ್ತದೆ. ಈ ಏರುಗಾಳಿಯನ್ನು ಹಿಡಿದೇ ಅವು ಎತ್ತರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಏರುಗಾಳಿಯತ್ತ ಜಾರುತ್ತವೆ. ಬೆಟ್ಟಸಾಲಿನ ನೆತ್ತಿ, ಎರಡು ಗುಡ್ಡಗಳ ನಡುವಣ ಕಣಿವೆಬಾಯಿ, ಎತ್ತರದ ಬಯಲಿನ ಅಂಚು ಇವೆಲ್ಲ ಹಕ್ಕಿಗಳ ಹೆದ್ದಾರಿಗಳು. ಯಂತ್ರ ನಿಲ್ಲಿಸುವವರು ಹುಡುಕುವುದೂ ಇದೇ ನೆತ್ತಿಯನ್ನು, ಇದೇ ಕಣಿವೆಬಾಯಿಯನ್ನು.

ಇಷ್ಟು ದೊಡ್ಡ ಯಂತ್ರ ಹಕ್ಕಿಯ ಕಣ್ಣಿಗೆ ಕಾಣುವುದಿಲ್ಲವೇ ಎಂಬುದು ಎರಡನೆಯ ಪ್ರಶ್ನೆ. ಕೆಳಗೆ ನಿಂತು ನೋಡಿದರೆ ಅಲಗುಗಳು ನಿಧಾನವಾಗಿ ತಿರುಗುತ್ತಿರುವಂತೆ ತೋರುತ್ತದೆ. ಆದರೆ ದೊಡ್ಡ ಯಂತ್ರದ ಅಲಗಿನ ತುದಿ ಗಂಟೆಗೆ 250 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಚಲಿಸಬಲ್ಲದು. ಆ ವೇಗದಲ್ಲಿ ಹತ್ತಿರ ಬಂದ ಅಲಗು ಕಣ್ಣಿಗೆ ಮಸುಕು ಮಸುಕಾಗುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯೂ ಇದೆ. ರಣಹದ್ದುಗಳ ದೃಷ್ಟಿಯ ಹರವನ್ನು ಅಳೆದು ಇಂಗ್ಲೆಂಡಿನ ವಿಜ್ಞಾನಿ ಗ್ರಹಾಂ ಮಾರ್ಟಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಹಕ್ಕಿ ಆಹಾರಕ್ಕಾಗಿ ತಲೆ ಬಗ್ಗಿಸಿ ನೆಲವನ್ನು ನೋಡುತ್ತ ಹಾರುವಾಗ ಅದರ ಎದುರಿನ ದಾರಿಯೇ ಅದಕ್ಕೆ ಕಾಣದ ವಲಯವಾಗಿಬಿಡುತ್ತದೆ. ಲಕ್ಷಾಂತರ ವರ್ಷಗಳ ಕಾಲ ಅದರ ಹಾರುವ ಎತ್ತರದಲ್ಲಿ ಎದುರು ನಿಲ್ಲುವ ವಸ್ತುವೇ ಇರಲಿಲ್ಲ. ಮುಂದೆ ನೋಡುವ ಅಗತ್ಯವೂ ಅದಕ್ಕೆ ಬಂದಿರಲಿಲ್ಲ.

ಜಾಗದ ಆಯ್ಕೆಯಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಣಿವೆ ಪ್ರಸಿದ್ಧ ನಿದರ್ಶನ. 1980ರ ದಶಕದಲ್ಲಿ ಅಲ್ಲಿ ಸಾವಿರಾರು ಸಣ್ಣ ಯಂತ್ರಗಳನ್ನು ಒತ್ತೊತ್ತಾಗಿ ನಿಲ್ಲಿಸಲಾಯಿತು. ಆ ಹುಲ್ಲುಗುಡ್ಡಗಳಲ್ಲಿ ನೆಲದ ಅಳಿಲುಗಳು ಹೇರಳ. ಅವುಗಳನ್ನು ಹುಡುಕಿ ಬರುವ ಹೊನ್ನಹದ್ದುಗಳೂ ಹೇರಳ. 2008ರಲ್ಲಿ ಪ್ರಕಟವಾದ ಅಂದಾಜಿನಂತೆ ಆ ಒಂದೇ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 67 ಹೊನ್ನಹದ್ದುಗಳೂ, ಒಟ್ಟು ಸಾವಿರಕ್ಕೂ ಹೆಚ್ಚು ಬೇಟೆಹಕ್ಕಿಗಳೂ ಸಾಯುತ್ತಿದ್ದವು. ಆಮೇಲೆ ಹಳೆಯ ಯಂತ್ರಗಳನ್ನು ಕಿತ್ತು, ಸಂಖ್ಯೆಯಲ್ಲಿ ಕಡಿಮೆಯಾದ ದೊಡ್ಡ ಯಂತ್ರಗಳನ್ನು ಜಾಗ ನೋಡಿ ನಿಲ್ಲಿಸುವ ಕೆಲಸ ನಡೆಯಿತು. ಮೊದಲೇ ನೋಡಿದ್ದರೆ ಮೂರು ದಶಕಗಳ ವ್ಯಾಜ್ಯವೂ ಉಳಿಯುತ್ತಿತ್ತು, ಹಕ್ಕಿಗಳೂ ಉಳಿಯುತ್ತಿದ್ದವು.

ನಮ್ಮ ನಾಡಿನ ಲೆಕ್ಕ

ದೂರದ ಕತೆ ಸಾಕು, ನಮ್ಮಲ್ಲಿ ಏನಾಗಿದೆ? ಭಾರತದಲ್ಲಿ ಈ ಬಗೆಯ ಅಧ್ಯಯನಗಳು ಬೆರಳೆಣಿಕೆಯಷ್ಟು ಮಾತ್ರ. ಅವುಗಳಲ್ಲಿ ಒಂದು ನಮ್ಮ ರಾಜ್ಯದ್ದೇ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಸಂಶೋಧಕರು 2011ರಿಂದ 2014ರ ಅವಧಿಯಲ್ಲಿ ಗುಜರಾತಿನ ಕಚ್ಛ್ ಮತ್ತು ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯ ಗಾಳಿಯಂತ್ರಗಳ ಬುಡದಲ್ಲಿ ಸತ್ತ ಹಕ್ಕಿಗಳನ್ನು ಹುಡುಕಿದರು. ಕಚ್ಛ್‌ನಲ್ಲಿ ಮೂರು ವರ್ಷಗಳಲ್ಲಿ 47 ಕಳೇಬರಗಳೂ, ಹರಪನಹಳ್ಳಿಯಲ್ಲಿ ಒಂದು ವರ್ಷದಲ್ಲಿ 7 ಕಳೇಬರಗಳೂ ದೊರೆತವು. 2019ರಲ್ಲಿ ಪ್ರಕಟವಾದ ಅವರ ಅಂದಾಜಿನಂತೆ ಒಂದು ಯಂತ್ರಕ್ಕೆ ವರ್ಷಕ್ಕೆ ಕಚ್ಛ್‌ನಲ್ಲಿ 0.478 ಮತ್ತು ಹರಪನಹಳ್ಳಿಯಲ್ಲಿ 0.466 ಹಕ್ಕಿಗಳ ಸಾವು. ಅಂದರೆ ನೂರು ಯಂತ್ರಗಳಿಗೆ ವರ್ಷಕ್ಕೆ 47 ಹಕ್ಕಿ.

ಇಷ್ಟೇ ತಾನೇ ಎನ್ನಿಸಬಹುದು. ಯಂತ್ರಗಳ ಪರವಾಗಿ ವಾದಿಸುವವರು ಇದಕ್ಕೆ ಇನ್ನೊಂದು ಲೆಕ್ಕವನ್ನೂ ಸೇರಿಸುತ್ತಾರೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಗಾಳಿಯಂತ್ರಗಳು ಕೊಲ್ಲುವುದು 1.4 ಲಕ್ಷದಿಂದ 3.3 ಲಕ್ಷ ಮಾತ್ರ. ಎರಡೂ ಅಂದಾಜುಗಳು 2013ರಲ್ಲಿ ಪ್ರಕಟವಾದವು. ಎರಡನ್ನೂ ಮಾಡಿದವರು ವಿಜ್ಞಾನಿಗಳೇ. ನಾವು ಈ ಅಂಕಿಗಳನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅವುಗಳನ್ನು ಓದುವಾಗ ಮೂರು ಸಂಗತಿಗಳನ್ನು ನೆನಪಿಡಬೇಕು.

ಮೊದಲನೆಯದು, ಸಾಯುವ ಹಕ್ಕಿ ಯಾವುದು ಎಂಬುದು. ಬೆಕ್ಕು ಹಿಡಿಯುವುದು ಗುಬ್ಬಿಯಂತಹ ಸಣ್ಣ ಹಕ್ಕಿಗಳನ್ನು. ಅವು ವರ್ಷಕ್ಕೆ ಎರಡು ಮೂರು ಸಲ ಮರಿ ಮಾಡಬಲ್ಲವು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿಯಾಗಿ ಹುಟ್ಟಿದ್ದು ತಾನು ಮೊಟ್ಟೆಯಿಡುವ ಹೊತ್ತಿಗೆ ನಾಲ್ಕೈದು ವರ್ಷಗಳಾಗಿರುತ್ತವೆ. ದೊಡ್ಡ ಹದ್ದುಗಳದ್ದೂ ಹೆಚ್ಚುಕಡಿಮೆ ಇದೇ ಬಾಳು. ಇಂತಹ ಹಕ್ಕಿಗಳ ಸಂಖ್ಯೆ ಉಳಿಯುವುದು ಬೆಳೆದ ಹಕ್ಕಿ ಬಹುಕಾಲ ಬದುಕುವುದರಿಂದ. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದಿರುವಂತಹ ಒಂದು ಪುಟ್ಟ ಗುಂಪಿನಿಂದ ವರ್ಷಕ್ಕೆ ಒಂದೆರಡು ಬೆಳೆದ ಹಕ್ಕಿ ಹೆಚ್ಚಾಗಿ ಸತ್ತರೂ ಆ ಗುಂಪು ಚೇತರಿಸಿಕೊಳ್ಳಲಾರದು.

ಎರಡನೆಯದು, ಕಳೇಬರ ಸಿಗುವುದು ಎಷ್ಟು ಕಷ್ಟ ಎಂಬುದು. ರಾತ್ರಿ ಬಿದ್ದ ಹಕ್ಕಿಯನ್ನು ಬೆಳಗಾಗುವುದರೊಳಗೆ ನರಿ, ನಾಯಿ, ಮುಂಗುಸಿಗಳು ಹೊತ್ತೊಯ್ಯುತ್ತವೆ. ಸಣ್ಣ ಹಕ್ಕಿಯಾದರೆ ಕಾಗೆಯೇ ಸಾಕು. ಉಳಿದದ್ದು ಹುಲ್ಲಿನಲ್ಲಿ, ಪೊದೆಯಲ್ಲಿ ಮರೆಯಾಗುತ್ತದೆ. ಅಲಗು ತಾಗಿದ ಹಕ್ಕಿ ನೂರು ಮೀಟರ್ ಆಚೆ ಬೀಳಬಹುದು. ಗಾಯಗೊಂಡು ಇನ್ನೂ ದೂರ ಹೋಗಿ ಸಾಯಲೂಬಹುದು. ಆದುದರಿಂದಲೇ ಸರಿಯಾದ ಅಧ್ಯಯನ ನಡೆಸುವವರು ಮೊದಲು ಕೆಲವು ಕಳೇಬರಗಳನ್ನು ತಾವೇ ಇಟ್ಟು, ಎಷ್ಟು ದಿನಕ್ಕೆ ಮಾಯವಾಗುತ್ತವೆ, ಹುಡುಕುವವರ ಕಣ್ಣಿಗೆ ಅವುಗಳಲ್ಲಿ ಎಷ್ಟು ಬೀಳುತ್ತವೆ ಎಂದು ಪರೀಕ್ಷಿಸಿ, ಆ ಪ್ರಮಾಣದಂತೆ ಸಿಕ್ಕ ಸಂಖ್ಯೆಯನ್ನು ತಿದ್ದುತ್ತಾರೆ. ತಿಂಗಳಿಗೊಮ್ಮೆ ಕಾವಲುಗಾರ ಸುತ್ತು ಹಾಕಿ ಏನೂ ಸಿಗಲಿಲ್ಲ ಎಂದು ಬರೆದ ವಹಿ ಹಕ್ಕಿ ಸತ್ತಿಲ್ಲ ಎಂಬುದಕ್ಕೆ ಸಾಕ್ಷಿಯಾಗಲಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಸಾಯದೆ ಬಿಟ್ಟುಹೋದ ಹಕ್ಕಿ ಕಳೇಬರದ ಲೆಕ್ಕದಲ್ಲಿ ಬರುವುದೇ ಇಲ್ಲ.

ಚಾಳ್ಕೇವಾಡಿಯ ಓತಿಕ್ಯಾತಗಳು

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಚಾಳ್ಕೇವಾಡಿ ಎಂಬ ಎತ್ತರದ ಬಯಲಿದೆ. ನಮ್ಮ ಸಹ್ಯಾದ್ರಿಯ ಉತ್ತರ ಭಾಗವೇ ಅದು. ಜಂಬಿಟ್ಟಿಗೆಯ ಹಾಸು, ಮಳೆಗಾಲದಲ್ಲಿ ಹೂ, ಉಳಿದಂತೆ ಕುರುಚಲು ಹುಲ್ಲು. ಅಲ್ಲಿ 1990ರ ದಶಕದಿಂದ ಗಾಳಿಯಂತ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್, ಅಮೋದ್ ಝಾಂಬ್ರೆ ಮತ್ತು ಹರ್ಷಲ್ ಭೋಸಲೆ ಅವರು ಯಂತ್ರಗಳಿರುವ ಭಾಗವನ್ನೂ, ಅದೇ ಬಯಲಿನ ಯಂತ್ರಗಳಿಲ್ಲದ ಭಾಗವನ್ನೂ ಹೋಲಿಸಿ ನೋಡಿದರು. 2018ರಲ್ಲಿ ಪ್ರಕಟವಾದ ಅವರ ಅಧ್ಯಯನ ಜಗತ್ತಿನ ಗಮನ ಸೆಳೆಯಿತು.

ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳ ಸಂಖ್ಯೆ ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿದಿತ್ತು. ಗಿಡುಗಗಳು ಕಡಿಮೆಯಾದೊಡನೆ ಅವುಗಳ ಆಹಾರವಾದ ಓತಿಕ್ಯಾತಗಳ ಸಂಖ್ಯೆ ಏರಿತ್ತು. ಗಂಟಲಲ್ಲಿ ಬಣ್ಣದ ಬೀಸಣಿಗೆ ಬಿಚ್ಚುವ ಸುಂದರವಾದ ಓತಿ ಅದು. ಸಂಖ್ಯೆ ಏರಿದ್ದು ಒಳ್ಳೆಯದೇ ಅಲ್ಲವೇ ಎಂದುಕೊಳ್ಳುವಂತಿಲ್ಲ. ಬೇಟೆಯ ಭಯವಿಲ್ಲದ ಆ ಓತಿಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆಯಿತ್ತು. ಮನುಷ್ಯ ತೀರ ಹತ್ತಿರ ಹೋಗುವವರೆಗೂ ಅವು ಓಡುತ್ತಿರಲಿಲ್ಲ. ಇರುವ ಆಹಾರಕ್ಕೆ ಪೈಪೋಟಿ ಹೆಚ್ಚಾಗಿ ಅವುಗಳ ಮೈ ಬಡವಾಗಿತ್ತು, ಗಂಡುಗಳ ಗಂಟಲಿನ ಬಣ್ಣ ಮಂಕಾಗಿತ್ತು.

ಇದರ ಅರ್ಥವನ್ನು ನಾವು ನಿಧಾನವಾಗಿ ಗ್ರಹಿಸಬೇಕು. ಯಂತ್ರದ ಅಲಗು ನೆಲದ ಓತಿಯನ್ನು ಮುಟ್ಟುವುದಿಲ್ಲ. ಆದರೂ ಆಕಾಶದಲ್ಲಿ ಆದ ಬದಲಾವಣೆ ನೆಲದ ಜೀವಿಯ ಸಂಖ್ಯೆಯನ್ನೂ ನಡತೆಯನ್ನೂ ಬಣ್ಣವನ್ನೂ ಬದಲಿಸಿತು. ಕಾಡಿನಲ್ಲಿ ಹುಲಿಯಿದ್ದಂತೆ ಹುಲ್ಲುಬಯಲಿನಲ್ಲಿ ಗಿಡುಗ. ಅದನ್ನು ತೆಗೆದರೆ ಕೆಳಗಿನ ಸರಪಣಿಯೆಲ್ಲ ಸಡಿಲವಾಗುತ್ತದೆ. ಇಲ್ಲಿ ಸತ್ತು ಬಿದ್ದ ಗಿಡುಗಗಳನ್ನು ಎಣಿಸುತ್ತ ಕುಳಿತಿದ್ದರೆ ಈ ಬದಲಾವಣೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಸ್ಪೇನ್ ದೇಶದ ದಕ್ಷಿಣ ತುದಿಯ ತಾರಿಫಾದಲ್ಲಿ ವಲಸೆಯ ಕರಿಹದ್ದುಗಳಿಗೆ ಜಿಪಿಎಸ್ ಕಟ್ಟಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳುತ್ತದೆ. ಯಂತ್ರದಿಂದ ಸುಮಾರು 674 ಮೀಟರ್ ದೂರದವರೆಗಿನ ಜಾಗವನ್ನು ಹದ್ದುಗಳು ಕಡಿಮೆ ಬಳಸುತ್ತಿದ್ದವು. ಜಾಗ ಅಲ್ಲಿಯೇ ಇದೆ, ಏರುಗಾಳಿಯೂ ಇದೆ. ಹಕ್ಕಿಯ ಪಾಲಿಗೆ ಮಾತ್ರ ಅದು ಕಳೆದುಹೋಗಿದೆ. ಕರ್ನಾಟಕದ ಗಾಳಿಯಂತ್ರ ಪ್ರದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿಯೂ ಯಂತ್ರಗಳಿಲ್ಲದ ಜಾಗಗಳಲ್ಲೇ ಹಕ್ಕಿಗಳ ಪ್ರಭೇದಗಳೂ ಒಟ್ಟು ಸಂಖ್ಯೆಯೂ ಹೆಚ್ಚಾಗಿ ಕಂಡುಬಂದವು. ಅಲ್ಲಿ ಡಿಕ್ಕಿಯಿಂದಾದ ಸಾವಿನ ಅಂದಾಜು ಯಂತ್ರವೊಂದಕ್ಕೆ ವರ್ಷಕ್ಕೆ 0.26 ಮಾತ್ರ. ಸಾವು ಕಡಿಮೆ, ಆದರೂ ಹಕ್ಕಿ ಕಡಿಮೆ. ಈ ಎರಡು ಅಂಶಗಳನ್ನು ಜೊತೆಗಿಟ್ಟು ನೋಡಿದಾಗ, ಸಾವಿನ ಲೆಕ್ಕವೊಂದನ್ನೇ ಹಿಡಿದು ವಾದಿಸುವುದು ಎಷ್ಟು ಅಪೂರ್ಣ ಎಂಬುದು ತಿಳಿಯುತ್ತದೆ.

ತಂತಿ, ರಸ್ತೆ ಮತ್ತು ಪಾಳುಭೂಮಿ ಎಂಬ ಹೆಸರು

ಗಾಳಿಯಂತ್ರ ಒಂಟಿಯಾಗಿ ಬರುವುದಿಲ್ಲ. ಅದರೊಡನೆ ತಂತಿ ಬರುತ್ತದೆ, ರಸ್ತೆ ಬರುತ್ತದೆ.

ತಂತಿಯ ಅಪಾಯವನ್ನು ದೇಶಕ್ಕೆ ತಿಳಿಸಿದ್ದು ಎರೆಭೂತ ಹಕ್ಕಿಯ ದುರಂತ. ಒಂದು ಕಾಲಕ್ಕೆ ಬಯಲುಸೀಮೆಯ ಹುಲ್ಲುಗಾವಲುಗಳಲ್ಲಿ ಓಡಾಡುತ್ತಿದ್ದ ಈ ಭಾರಿ ಹಕ್ಕಿ ಇಂದು ದೇಶದಲ್ಲೆಲ್ಲ ಸೇರಿ ಉಳಿದಿರುವುದು 150ಕ್ಕೂ ಕಡಿಮೆ ಎಂಬ ಅಂದಾಜಿದೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ರಾಜಸ್ಥಾನದ ಥಾರ್ ಪ್ರದೇಶದ ಸುಮಾರು 4,200 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ವಿದ್ಯುತ್ ತಂತಿಗಳಿಂದ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಸಾಯುತ್ತವೆಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿತ್ತು. 2021ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಎರೆಭೂತದ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಒಯ್ಯುವಂತೆ ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಆ ಆದೇಶವನ್ನು ಮಾರ್ಪಡಿಸಿ, ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಹವಾಮಾನದ ರಕ್ಷಣೆಯೂ ಹಕ್ಕಿಯ ರಕ್ಷಣೆಯೂ ಎದುರುಬದುರಾಗಿ ನ್ಯಾಯಾಲಯದ ಮುಂದೆ ನಿಲ್ಲುವ ಸ್ಥಿತಿ ಬಂದದ್ದು ಏಕೆ? ಹಕ್ಕಿ ಎಲ್ಲಿದೆ ಎಂಬುದನ್ನು ತಂತಿ ಎಳೆಯುವ ಮೊದಲು ವಿಚಾರಿಸದಿದ್ದುದರಿಂದ.

ಮಲೆನಾಡಿನವರಾದ ನಮಗೆ ರಸ್ತೆಯ ವಿಚಾರ ಇನ್ನೂ ಹತ್ತಿರದ್ದು. ಇಂದಿನ ಯಂತ್ರದ ಒಂದೊಂದು ಅಲಗೂ ಐವತ್ತು ಮೀಟರ್‌ಗಿಂತ ಉದ್ದ. ಅದನ್ನು ಹೊತ್ತ ಲಾರಿ ತಿರುಗಲು ಕಡಿದಾದ ತಿರುವುಗಳಿರಬಾರದು, ಅಗಲವಾದ ರಸ್ತೆಯೇ ಬೇಕು. ಗುಡ್ಡದ ನೆತ್ತಿಗೆ ಅಂತಹ ರಸ್ತೆ ಕೊರೆದರೆ ಇಳಿಜಾರಿನ ಮಣ್ಣು ಏನಾಗುತ್ತದೆ, ಮಳೆಗಾಲದಲ್ಲಿ ಆ ಮಣ್ಣು ಯಾರ ಗದ್ದೆಗೆ ಬರುತ್ತದೆ ಎಂಬುದನ್ನು ಇಲ್ಲಿ ಕುಳಿತವರಿಗೆ ವಿವರಿಸಬೇಕಿಲ್ಲ. ರಸ್ತೆಯಾದ ಮೇಲೆ ವಾಹನ, ಬೆಂಕಿ, ಕಳೆಗಿಡ ಎಲ್ಲವೂ ಹಿಂಬಾಲಿಸುತ್ತವೆ. ನೆತ್ತಿಯ ಹುಲ್ಲಿನಲ್ಲಿ ನೆಲದ ಮೇಲೆ ಗೂಡು ಮಾಡುವ ನೆಲಗುಬ್ಬಿ, ಲಾವುಗೆ, ಟಿಟ್ಟಿಭಗಳಿಗೆ ಆಮೇಲೆ ನೆಮ್ಮದಿಯಿಲ್ಲ.

ಇನ್ನು ನೆಲದ ಹೆಸರು. ಕಂದಾಯದ ಕಡತದಲ್ಲಿ ಹುಲ್ಲುಗುಡ್ಡಕ್ಕೆ ಪಾಳು, ಬಂಜರು, ಖರಾಬು ಎಂಬ ಹೆಸರುಗಳಿವೆ. ನಮ್ಮ ಹಿರಿಯರು ಅದನ್ನು ಬೇಣ, ಕಾವಲು, ಗೋಮಾಳ ಎಂದು ಕರೆದರು. ಪ್ರತಿಯೊಂದು ಹೆಸರಿಗೂ ಒಂದು ಉಪಯೋಗವಿತ್ತು. ಮರವಿಲ್ಲದ ನೆಲ ಉಪಯೋಗವಿಲ್ಲದ ನೆಲ ಎಂಬ ತಪ್ಪು ಕಲ್ಪನೆ ನಮ್ಮ ಪರಿಸರಪ್ರೇಮಿಗಳಲ್ಲಿಯೂ ಇದೆ. ಚಳಿಗಾಲದಲ್ಲಿ ಕಜಾಕಿಸ್ತಾನದ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹ್ಯಾರಿಯರ್ ಜಾತಿಯ ಗಿಡುಗಗಳು ರಾತ್ರಿ ಮಲಗುವುದು ದಖ್ಖನಿನ ಇಂತಹ ಹುಲ್ಲಿನ ನಡುವೆ, ನೆಲದ ಮೇಲೆಯೇ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿಯಂತೆ, ದೀರ್ಘಾವಧಿಯ ಏರಿಳಿತವನ್ನು ಗುರುತಿಸಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ. ಬೇಟೆಹಕ್ಕಿಗಳು ಮತ್ತು ಬಯಲು ನೆಲೆಗಳ ಹಕ್ಕಿಗಳು ಹೆಚ್ಚು ಕುಸಿದ ಗುಂಪುಗಳಲ್ಲಿ ಸೇರಿವೆ. ಮೊದಲೇ ಕುಸಿಯುತ್ತಿರುವ ಈ ಹಕ್ಕಿಗಳ ನೆಲವನ್ನೇ ನಾವು ಪಾಳು ಎಂದು ಕರೆದು ಯೋಜನೆಗಳಿಗೆ ಬಿಟ್ಟುಕೊಡುತ್ತಿದ್ದೇವೆ.

ಗದಗ ಜಿಲ್ಲೆಯ ಕಪ್ಪತಗುಡ್ಡ ಇದಕ್ಕೆ ಒಳ್ಳೆಯ ನಿದರ್ಶನ. ಔಷಧಿ ಸಸ್ಯಗಳಿಗೂ ವನ್ಯಜೀವಿಗಳಿಗೂ ಹೆಸರಾದ ಆ ಗುಡ್ಡದ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ಜನರ ದೀರ್ಘ ಹೋರಾಟದ ಬಳಿಕ 2019ರಲ್ಲಿ ವನ್ಯಜೀವಿಧಾಮವಾಯಿತು. ಆ ವೇಳೆಗಾಗಲೇ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿದ್ದವು.

ಕಾನೂನಿನ ಸಡಿಲು

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಯೋಜನೆಗಳಿಲ್ಲ. ಎಷ್ಟೇ ದೊಡ್ಡದಿದ್ದರೂ ಅಂದಾಜು ವರದಿ ಬೇಕಿಲ್ಲ, ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇವನ್ನು ಮಾಲಿನ್ಯವೇ ಇಲ್ಲದ ‘ಬಿಳಿ’ ವರ್ಗಕ್ಕೆ ಸೇರಿಸಿತು. ಹೊಗೆಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಹೊಗೆಯಿಲ್ಲ ಎಂದ ಮಾತ್ರಕ್ಕೆ ಹಾನಿಯೇ ಇಲ್ಲ ಎಂದಾಗುವುದಿಲ್ಲ. ಹೊಗೆ ಕಾರದ ಲಿಂಗನಮಕ್ಕಿಯ ಜಲಾಶಯದಡಿ ಎಷ್ಟು ಊರು, ಎಷ್ಟು ಕಾಡು ಮುಳುಗಿತೆಂಬುದನ್ನು ಶರಾವತಿ ಕಣಿವೆಯ ಜನ ಮರೆತಿಲ್ಲ.

ಅರಣ್ಯಭೂಮಿಯಾದರೆ ಅರಣ್ಯ ಕಾಯಿದೆಯ ಅನುಮತಿ ಬೇಕು, ವನ್ಯಜೀವಿಧಾಮವಾದರೆ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು ಎಂಬುದು ನಿಜ. ಆದರೆ ಹಕ್ಕಿಗೆ ಅರಣ್ಯ ಮತ್ತು ಕಂದಾಯ ಇಲಾಖೆಗಳ ಗಡಿಕಲ್ಲು ಗೊತ್ತಿಲ್ಲ. ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ 2011ರ ತನ್ನ ವರದಿಯಲ್ಲಿ, ಅತಿ ಸೂಕ್ಷ್ಮವಾದ ಮೊದಲ ವಲಯದಲ್ಲಿ ದೊಡ್ಡ ಪ್ರಮಾಣದ ಗಾಳಿ ವಿದ್ಯುತ್ ಯೋಜನೆಗಳು ಬೇಡವೆಂದು ಸ್ಪಷ್ಟವಾಗಿ ಹೇಳಿತ್ತು. ಆ ವರದಿ ಜಾರಿಗೆ ಬರಲಿಲ್ಲ.

ಪರಿಹಾರವಿದೆ

ಸಮಸ್ಯೆಯನ್ನು ಮಾತ್ರ ಹೇಳಿ ಮುಗಿಸುವುದು ನ್ಯಾಯವಲ್ಲ. ಪರಿಹಾರಗಳು ಇವೆ, ಮತ್ತು ಅವು ದುಬಾರಿಯೂ ಅಲ್ಲ.

ತಾರಿಫಾ ಪ್ರದೇಶದಲ್ಲಿ 2008ರಿಂದ ಒಂದು ಕ್ರಮ ಜಾರಿಗೆ ಬಂತು. ಹಕ್ಕಿ ಬಲ್ಲವರು ಯಂತ್ರಗಳ ಬಳಿ ಕಾವಲಿರುತ್ತಾರೆ. ರಣಹದ್ದುಗಳು ಅಪಾಯದ ದಾರಿಯಲ್ಲಿ ಬರುತ್ತಿರುವುದು ಕಂಡೊಡನೆ ಫೋನು ಮಾಡಿ ಆ ಯಂತ್ರವನ್ನಷ್ಟೇ ಕೆಲವು ನಿಮಿಷ ನಿಲ್ಲಿಸುತ್ತಾರೆ. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ರಣಹದ್ದುಗಳ ಸಾವು ಅರ್ಧಕ್ಕೆ ಇಳಿಯಿತು. ವಿದ್ಯುತ್ ಉತ್ಪಾದನೆಯಲ್ಲಿ ಆದ ನಷ್ಟ ವರ್ಷಕ್ಕೆ ಶೇಕಡಾ 0.07 ಮಾತ್ರ. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ನಾಲ್ಕು ಯಂತ್ರಗಳ ಮೂರು ಅಲಗುಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದು ನೋಡಿದರು. ಹಕ್ಕಿಗಳ ಸಾವು ಶೇಕಡಾ 70ಕ್ಕೂ ಹೆಚ್ಚು ಕಡಿಮೆಯಾಯಿತೆಂದು 2020ರಲ್ಲಿ ವರದಿಯಾಯಿತು. ನಾಲ್ಕೇ ಯಂತ್ರಗಳ ಪ್ರಯೋಗವಾದುದರಿಂದ ಇದನ್ನು ಬೇರೆ ಕಡೆಯೂ ಪರೀಕ್ಷಿಸಬೇಕು. ಆದರೆ ಪರೀಕ್ಷಿಸಲು ಬೇಕಾದದ್ದು ಬಣ್ಣ ಮತ್ತು ಮನಸ್ಸು.

ಆದರೂ ಇವೆಲ್ಲ ಯಂತ್ರ ನಿಂತ ಮೇಲಿನ ಮಾತು. ಕಾವಲಿನಿಂದಾಗಲಿ ಬಣ್ಣದಿಂದಾಗಲಿ ಚಾಳ್ಕೇವಾಡಿಗೆ ಗಿಡುಗ ಮರಳಿ ಬರುತ್ತದೆಂಬ ಭರವಸೆಯಿಲ್ಲ. ಎಲ್ಲಕ್ಕಿಂತ ದೊಡ್ಡ ಪರಿಹಾರ ಜಾಗದ ಆಯ್ಕೆ. ಹಕ್ಕಿಗಳಿಗೆ ಯಾವ ಪ್ರದೇಶ ಎಷ್ಟು ಸೂಕ್ಷ್ಮ ಎಂಬುದನ್ನು ತೋರಿಸುವ ‘ಅವಿಸ್ಟೆಪ್’ ಎಂಬ ನಕಾಶೆಯನ್ನು ಬರ್ಡ್‌ಲೈಫ್ ಸಂಸ್ಥೆ 2022ರಲ್ಲಿ ಭಾರತವೂ ಸೇರಿದಂತೆ ನಾಲ್ಕು ದೇಶಗಳಿಗಾಗಿ ಹೊರತಂದಿದೆ. ಅದು ಯಾರು ಬೇಕಾದರೂ ತೆರೆದು ನೋಡಬಹುದಾದ ನಕಾಶೆ. ಈಗಾಗಲೇ ಉಳುಮೆಯಾಗಿರುವ, ಹಕ್ಕಿಗಳ ಮುಖ್ಯ ನೆಲೆಯಲ್ಲದ ಬಯಲುಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಅಲ್ಲಿ ರೈತನಿಗೆ ನ್ಯಾಯವಾದ ಬಾಡಿಗೆ ಕೊಟ್ಟು ಯಂತ್ರ ನಿಲ್ಲಿಸಲು ನಮ್ಮ ತಕರಾರಿಲ್ಲ.

ಆದುದರಿಂದ ಈ ಸಭೆಯ ಮೂಲಕ ಸರ್ಕಾರದ ಮುಂದೆ ನಾಲ್ಕು ಬೇಡಿಕೆಗಳನ್ನು ಇಡೋಣ. ಒಂದು, ಗಾಳಿಯನ್ನು ಅಳೆಯುವ ಅದೇ ವರ್ಷದಲ್ಲಿ, ಎಲ್ಲ ಋತುಗಳಲ್ಲಿ, ಸ್ವತಂತ್ರ ತಜ್ಞರಿಂದ ಹಕ್ಕಿ ಮತ್ತು ಬಾವಲಿಗಳ ಸಮೀಕ್ಷೆ ಕಡ್ಡಾಯವಾಗಲಿ. ಎರಡು, ಆ ವರದಿ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ. ಮೂರು, ಯಂತ್ರ ನಿಂತ ಮೇಲೆ ಕಳೇಬರಗಳ ಹುಡುಕಾಟ ವೈಜ್ಞಾನಿಕವಾಗಿ ನಡೆದು ಅದರ ಲೆಕ್ಕ ಪ್ರತಿವರ್ಷ ಪ್ರಕಟವಾಗಲಿ. ನಾಲ್ಕು, ಪಶ್ಚಿಮಘಟ್ಟದ ನೆತ್ತಿಗಳು ಮತ್ತು ಬಯಲುಸೀಮೆಯ ಉಳಿದ ಹುಲ್ಲುಗಾವಲುಗಳು ಯೋಜನೆಗಳಿಂದ ಹೊರಗಿರಲಿ.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ನಿಮ್ಮ ನಿಮ್ಮ ಊರಿನ ಗುಡ್ಡದ ನೆತ್ತಿಯನ್ನು ಆರಿಸಿಕೊಳ್ಳಿ. ತಿಂಗಳಿಗೆ ಎರಡು ದಿನ, ಬಿಸಿಲೇರಿದ ಮೇಲೆ ಎರಡು ಗಂಟೆ ಅಲ್ಲಿ ಕುಳಿತು ಯಾವ ಹಕ್ಕಿ ಯಾವ ಕಡೆಯಿಂದ ಬಂತು, ಯಾವ ಕಡೆಗೆ ಹೋಯಿತು, ಎದುರಿನ ಮರಕ್ಕಿಂತ ಎಷ್ಟು ಎತ್ತರದಲ್ಲಿ ಹಾರಿತು ಎಂದು ಬರೆದಿಡಿ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ. ದನ ಮೇಯಿಸುವವರನ್ನು ಕೇಳಿ, ಹದ್ದಿನ ಗೂಡು ಎಲ್ಲಿದೆಯೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ದಿನಾಂಕ, ಹೊತ್ತು, ಜಾಗ ಈ ಮೂರು ತಪ್ಪದೆ ಇರಲಿ. ಎರಡು ವರ್ಷದ ಇಂತಹ ವಹಿ ಕೈಯಲ್ಲಿದ್ದರೆ, ನಾಳೆ ಆ ನೆತ್ತಿಗೆ ಅಳತೆಯ ಕಂಬ ಬಂದ ದಿನ ಅಲ್ಲಿ ಹಕ್ಕಿಗಳೇ ಇಲ್ಲ ಎಂದು ಯಾರೂ ಬರೆಯಲಾರರು. ಈ ಸಭೆ ಮುಗಿಯುವ ಮುನ್ನ ಯಾರು ಯಾವ ಗುಡ್ಡವನ್ನು ನೋಡಿಕೊಳ್ಳುತ್ತೀರಿ ಎಂಬುದನ್ನು ಕಾರ್ಯದರ್ಶಿಗಳ ಬಳಿ ಬರೆಸಬೇಕೆಂದು ಕೋರುತ್ತೇನೆ. ಮುಂದಿನ ವರ್ಷದ ಸಭೆಯಲ್ಲಿ ಆ ವಹಿಗಳನ್ನು ಮುಂದಿಟ್ಟುಕೊಂಡು ಮಾತನಾಡೋಣ.